ದನಿಯಿಲ್ಲದ ಕೀಬೋರ್ಡಿಗಾಗಿ ರೋಹಿಣಿಗೆ ಹೋದದ್ದು

ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ನೋಯ್ಡಾ ಸೆಕ್ಟರ್ ಅರವತ್ತೆರಡರ ಮೆಟ್ರೊ ನಿಲ್ದಾಣದಿಂದ ನಾನೂ ಇಮ್ರಾನನೂ ಹೊರಟೆವು. ಹಿಂದಿನ ವಾರದವರೆಗೂ ಕವಿದಿದ್ದ ಮಂಜು ಸರಿದು ಒಳ್ಳೆಯ ಬಿಸಿಲು ಬಿದ್ದಿತ್ತು. ಸ್ವೆಟರ್ ಹಾಕಿಕೊಂಡರೆ ಸೆಕೆ, ತೆಗೆದರೆ ಚಳಿ. ಇಮ್ರಾನ್ ದಾವಣಗೆರೆಯವನು, ನನ್ನ ಕಚೇರಿಯಲ್ಲೇ ಕೆಲಸ ಮಾಡುತ್ತಾನೆ, ನನಗಿಂತ ಹದಿನೈದು ವರ್ಷ ಚಿಕ್ಕವನು. ರಜೆಯ ದಿನಗಳಲ್ಲಿ ತನ್ನ ಬಾಡಿಗೆ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಸಂಗೀತ ಕಟ್ಟುತ್ತಾನೆ. ಎಂಟು ಸಾವಿರದೊಳಗೆ ನನಗೊಂದು ಮಿಡಿ ಕೀಬೋರ್ಡ್ ಕೊಡಿಸಿಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು.

ನನಗೇಕೆ ಕೀಬೋರ್ಡ್ ಎಂದರೆ, ನಾನು ಹಾಡುವವಳು. ಹಾಡುತ್ತಿದ್ದವಳು ಎನ್ನಬೇಕು. ಧಾರವಾಡದಲ್ಲಿ ಹದಿನಾರನೆಯ ವಯಸ್ಸಿಗೆ ಗುರುಗಳು ನನ್ನ ಶ್ರುತಿಯನ್ನು ಕಪ್ಪು ನಾಲ್ಕು ಎಂದು ಗೊತ್ತುಮಾಡಿದರು. ಹಾರ್ಮೋನಿಯಂನ ಕೀಗಳಿಗೆ ನಾವು ಮನೆ ಎನ್ನುತ್ತೇವೆ. ನಾಲ್ಕನೆಯ ಕಪ್ಪು ಮನೆಯಲ್ಲಿ ನನ್ನ ಷಡ್ಜ. ಇಪ್ಪತ್ತನಾಲ್ಕು ವರ್ಷ ನಾನು ಅಲ್ಲಿಂದ ಅಲ್ಲಾಡಲಿಲ್ಲ, ಅದರ ಜಂಬವೂ ನನಗಿತ್ತು. ಒಂದೂವರೆ ವರ್ಷದ ಹಿಂದೆ ಥೈರಾಯ್ಡ್ ಗಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಮಾತು ಚೆನ್ನಾಗಿ ಉಳಿಯಿತು, ಆದರೆ ಮೇಲಿನ ಸ್ವರಗಳು ಹೋದವು. ಶ್ರುತಿ ಇಳಿಸಿ ನೋಡಿ ಎಂದ ಡಾಕ್ಟರ ಮೇಲೂ, ಅದನ್ನೇ ಮೆಲ್ಲಗೆ ಹೇಳಿದ ಗಂಡನ ಮೇಲೂ ನಾನು ಹರಿಹಾಯ್ದೆ. ಹಾರ್ಮೋನಿಯಂ ತೆರೆದರೆ ಗಂಟಲು ತಾನೂ ಬರುತ್ತೇನೆ ಎನ್ನುತ್ತದೆ, ಬಂದು ಒಡೆಯುತ್ತದೆ. ಹಾಗಾಗಿ ಅದನ್ನು ಮಂಚದ ಕೆಳಗೆ ತಳ್ಳಿದ್ದೆ. ಗಂಟಲಿನ ಕೆಲಸವನ್ನು ಬೆರಳಿಗೆ ಒಪ್ಪಿಸಿ, ಕೊಳಲಿನದೋ ಸಾರಂಗಿಯದೋ ದನಿಯಲ್ಲಿ ಮನೆಯಲ್ಲೇ ಸಂಗೀತ ಮಾಡಿಕೊಂಡಿರೋಣ ಎನ್ನುವುದು ನನ್ನ ಲೆಕ್ಕಾಚಾರವಾಗಿತ್ತು.

ಇನ್ನೊಂದು ವಿಷಯವೂ ಪರ್ಸಿನೊಳಗಿನ ಫೋನಿನಲ್ಲಿ ಕೂತಿತ್ತು. ನಮ್ಮ ಸೊಸೈಟಿಯ ಕನ್ನಡದವರು ಪ್ರತಿ ವರ್ಷ ಯುಗಾದಿ ಕಾರ್ಯಕ್ರಮ ಮಾಡುತ್ತೇವೆ. ಅದನ್ನು ನಡೆಸುವ ಪದ್ಮಾ ಮೂರು ದಿನದ ಹಿಂದೆ ಕೇಳಿದ್ದಳು: "ಈ ಸಲ ಪ್ರಾರ್ಥನೆ ನೀವೇ ಹಾಡ್ತೀರಲ್ಲ? ಇವರು ಹಾರ್ಮೋನಿಯಂ ರೆಡಿ ಇಟ್ಕೊಂಡಿದ್ದಾರೆ." ಇವರು ಎಂದರೆ ಅವಳ ಗಂಡ. ಹೋದ ವರ್ಷ ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡಿದ್ದೆ. ಎರಡನೆಯ ಸಲವೂ ಅದನ್ನೇ ಹೇಳಿದರೆ ಇನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಉತ್ತರ ಕೊಟ್ಟಿರಲಿಲ್ಲ.

ಯಮುನಾ ಬ್ಯಾಂಕಿನಲ್ಲಿ ಗಾಡಿ ಬದಲಿಸಿದರೆ ಮುಂದಿನದೇ ಲಕ್ಷ್ಮೀ ನಗರ. ಟಿಕೆಟ್ ನಲವತ್ತಮೂರು ರೂಪಾಯಿ. ದಾರಿಯುದ್ದಕ್ಕೂ ಇಮ್ರಾನ್ ನನ್ನನ್ನು ಪ್ರಶ್ನೆ ಕೇಳಿದ. "ಅಕ್ಕಾ, ಎಷ್ಟು ಮನೆ ಬೇಕು? ಇಪ್ಪತ್ತೈದಾ, ನಲವತ್ತೊಂಬತ್ತಾ? ಸಣ್ಣ ಮನೆ ಆಗತ್ತಾ, ದೊಡ್ಡವೇ ಬೇಕಾ?"

"ಅಂಗಡೀಲಿ ಬಾರಿಸಿ ನೋಡಿದ್ರೆ ಗೊತ್ತಾಗತ್ತಪ್ಪ, ಪರೀಕ್ಷೆ ಮಾಡ್ಬೇಡ," ಎಂದೆ.

ಲಕ್ಷ್ಮೀ ನಗರದಲ್ಲಿ ಆಕಾಶ ಕಾಣಬೇಕಾದರೆ ಪರೀಕ್ಷೆ ಪಾಸಾದವರ ಫೋಟೊಗಳ ನಡುವೆ ಹುಡುಕಬೇಕು. ಕೋಚಿಂಗ್ ಸೆಂಟರಿನ ಬೋರ್ಡುಗಳು ಒಂದರ ಮೇಲೊಂದು ನಾಲ್ಕು ಅಂತಸ್ತಿನವರೆಗೆ ಹೋಗಿವೆ. ಅವುಗಳ ಸಂದಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದ ಮೇಲೆ, ವಾದ್ಯದ ಅಂಗಡಿ. ಮಾಲೀಕ ಗಾಜಿನ ಮೇಜಿನ ಮೇಲೆ ಒಂದು ಕರಿಯ ಕೀಬೋರ್ಡ್ ಇಟ್ಟ, ಅಗಲ ಒಂದು ಮೊಳವಿರಬಹುದು. ನಾನು ಬೆರಳಿಟ್ಟೆ. ಸದ್ದಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಸದ್ದಿಲ್ಲ.

"ಭಯ್ಯಾ, ಯೇ ಖರಾಬ್ ಹೈ," ಎಂದೆ.

ಅವನು ನಗಲಿಲ್ಲ, ಪಾಪ. ದಿನಕ್ಕೆ ಹತ್ತು ಜನ ಹೇಳುತ್ತಾರೇನೋ. ನಕ್ಕವನು ಇಮ್ರಾನ್. "ಅಕ್ಕಾ, ಇದರಲ್ಲಿ ದನೀನೇ ಇರಲ್ಲ. ಯಾವ ಮನೆ ಒತ್ತಿದ್ರಿ, ಎಷ್ಟು ಜೋರಾಗಿ ಒತ್ತಿದ್ರಿ, ಯಾವಾಗ ಬಿಟ್ರಿ, ಅಷ್ಟನ್ನ ಲ್ಯಾಪ್‌ಟಾಪಿಗೆ ಹೇಳತ್ತೆ. ಹಾಡೋದು ಲ್ಯಾಪ್‌ಟಾಪು."

ಮಾರಲು ಇಟ್ಟ ವಾದ್ಯವೊಂದಕ್ಕೆ ದನಿಯೇ ಇಲ್ಲ ಎನ್ನುವುದು ನನಗೆ ಬಹಳ ಹಿಡಿಸಿತು. ನನ್ನ ಸ್ಥಿತಿಯೂ ಅದೇ ತಾನೆ ಎಂದುಕೊಂಡೆ. ಇಮ್ರಾನ್ ತನ್ನ ಲ್ಯಾಪ್‌ಟಾಪಿಗೆ ತಂತಿ ಚುಚ್ಚಿದ. ಅದೇ ಮನೆ ಒತ್ತಿದರೆ ಕೊಳಲು ಬಂತು, ಆಮೇಲೆ ವೀಣೆ, ಆಮೇಲೆ ಯಾವುದೋ ಚರ್ಚಿನಷ್ಟು ದೊಡ್ಡ ಆರ್ಗನ್. ಎಡಬದಿಯಲ್ಲಿ ಒಂದು ಚಕ್ರವಿತ್ತು, ತಿರುಗಿಸಿದರೆ ಸ್ವರ ಜಾರುತ್ತದೆ. ಅದರಿಂದ ಮೀಂಡ್ ತೆಗೆಯಲು ಹೋಗಿ ಬೆಕ್ಕಿನ ಬಾಲ ತುಳಿದಂಥ ಸದ್ದು ತೆಗೆದೆ. ಅರ್ಧ ಗಂಟೆ ಹೊತ್ತು ಹೋದದ್ದು ತಿಳಿಯಲಿಲ್ಲ. ಆದರೆ ಮನೆಗಳು ತೀರ ಸಣ್ಣವು. ಹಾರ್ಮೋನಿಯಂಗೆ ಪಳಗಿದ ನನ್ನ ಬೆರಳು ಒಂದು ಒತ್ತಲು ಹೋದರೆ ಎರಡು ಒತ್ತುತ್ತಿತ್ತು. ಮೇಲಾಗಿ ಇಪ್ಪತ್ತೈದೇ ಮನೆ, ಎರಡು ಸಪ್ತಕ. ಬೆಲೆ ಆರೂವರೆ ಸಾವಿರ. ದೊಡ್ಡದು ಹನ್ನೆರಡು ಸಾವಿರ ಎಂದ ಮಾಲೀಕ. ಕೆಳಗಿಳಿದು ಗಾಡಿಯವನ ಹತ್ತಿರ ಛೋಲೆ ಕುಲ್ಚೆ ತಿಂದೆವು. ಈರುಳ್ಳಿ ಖಾರ ಹೆಚ್ಚಾಗಿ ಇಮ್ರಾನನ ಕಣ್ಣಲ್ಲಿ ನೀರು ಬಂತು.

ಅವನ ಬಳಿ ಇನ್ನೊಂದು ವಿಳಾಸವಿತ್ತು. ರೋಹಿಣಿಯಲ್ಲಿ ಯಾರೋ ಹಳೆಯ ನಲವತ್ತೊಂಬತ್ತು ಮನೆಯದನ್ನು ಆರು ಸಾವಿರಕ್ಕೆ ಮಾರುತ್ತಿದ್ದಾರೆಂದು ಫೋನಿನಲ್ಲಿ ನೋಡಿದ್ದ. ಚಲೋ ಎಂದು ಹೊರಟೆವು. ಕಡ್ಕಡ್‌ಡೂಮಾದಲ್ಲಿ ಒಂದು ಬದಲಾವಣೆ, ವೆಲ್‌ಕಮ್‌ನಲ್ಲಿ ಇನ್ನೊಂದು. ಶಾಸ್ತ್ರಿ ಪಾರ್ಕ್ ದಾಟಿದ ಮೇಲೆ ಯಮುನೆ ಬರುತ್ತದೆ. ನೀರು ಕಡಿಮೆ, ದಂಡೆಯಲ್ಲಿ ಯಾರೋ ಬೆಳೆದ ತರಕಾರಿ ಮಡಿಗಳು. ರೋಹಿಣಿ ವೆಸ್ಟ್ ತಲುಪುವಾಗ ಒಂದೂವರೆ. ಅಲ್ಲಿಂದ ಇ-ರಿಕ್ಷಾದಲ್ಲಿ ತಲೆಗೆ ಇಪ್ಪತ್ತು ರೂಪಾಯಿ.

ಉಷಾಜೀ ಶಾಲೆಯಲ್ಲಿ ಸಂಗೀತದ ಟೀಚರ್ ಆಗಿದ್ದು ನಿವೃತ್ತರಾದವರು. ವಯಸ್ಸು ಎಪ್ಪತ್ತರ ಹತ್ತಿರ. ಬಾಲ್ಕನಿಯ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದರು. ಗಂಟು ಬಿದ್ದ ಬೆರಳು ತೋರಿಸಿ, ಇನ್ನು ನುಡಿಸಲಾಗುವುದಿಲ್ಲ, ನುಡಿಸುವವರ ಮನೆಗೆ ಹೋಗಲಿ ಎಂದರು. ಕೀಬೋರ್ಡನ್ನು ಇಮ್ರಾನನ ಲ್ಯಾಪ್‌ಟಾಪಿಗೆ ಜೋಡಿಸಿದ ಕೂಡಲೇ ಅಂಚಿನ ಒಂದು ಗುಂಡಿಯನ್ನು ಟಕ್ ಟಕ್ ಟಕ್ ಎಂದು ಮೂರು ಸಲ ಒತ್ತಿ, "ಹಾಂ, ಈಗ ಸರಿ," ಎಂದು ಹಿಂದಿಯಲ್ಲಿ ಹೇಳಿದರು. ಕೆಲವು ಮಿಕ್ಸರಿಗೂ ಇಂಥ ಚಾಳಿ ಇರುತ್ತದೆ ಎಂದುಕೊಂಡೆ.

ಮನೆಗಳು ಅಗಲವಾಗಿದ್ದವು. ಬೆರಳು ತಾನಾಗಿ ಕಪ್ಪು ನಾಲ್ಕಕ್ಕೆ ಹೋಗಿ ಕೂತಿತು.

"ಕಾಲೀ ಚಾರ್?" ಉಷಾಜೀ ಕೇಳಿದರು. ಈ ಒಂದು ಲೆಕ್ಕ ಧಾರವಾಡಕ್ಕೂ ದಿಲ್ಲಿಗೂ ಒಂದೇ. "ಹಾಗಾದರೆ ಹಾಡುವವಳು ನೀನು. ಹಾಡು ಬೇಟಾ."

ಬೇಡ, ಗಂಟಲು ಸರಿಯಿಲ್ಲ ಎಂದೆ. ಆದರೆ ಬೆರಳು ಆಗಲೇ ಭೂಪ ರಾಗದ ಆರೋಹಕ್ಕೆ ಹೊರಟಿತ್ತು. ಅದರ ಹಿಂದೆ ಗಂಟಲೂ ಹೊರಟಿತು. ಪಂಚಮ ದಾಟಿತು, ಧೈವತ ದಾಟಿತು, ಮೇಲಿನ ಷಡ್ಜಕ್ಕೆ ಹೋಗಿ ನಿಂತಿತು. ಒಡೆಯಲಿಲ್ಲ. ಹೆದರುತ್ತಲೇ ಮೇಲಿನ ಗಾಂಧಾರ ಮುಟ್ಟಿದೆ, ಅದೂ ಸಿಕ್ಕಿತು. ನನಗೆ ಅಳು ಬಂತು. ಉಷಾಜೀ ಬಟಾಣಿಯ ಬುಟ್ಟಿ ಬದಿಗಿಟ್ಟು ನನ್ನ ಬೆನ್ನು ಸವರಿದರು. ಇಮ್ರಾನ್ ಮಾತ್ರ ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತಿದ್ದ.

ಚಹಾ, ನಿಪ್ಪಟ್ಟಿನಂಥ ಮಠರಿ ಆಯಿತು. ಉಷಾಜೀ ಐನೂರು ಬಿಟ್ಟುಕೊಟ್ಟರು, ಹಳೆಯ ಬೆಡ್‌ಶೀಟಿನಲ್ಲಿ ಕೀಬೋರ್ಡ್ ಸುತ್ತಿ ಕೊಟ್ಟರು. "ಹಚ್ಚಿದಾಗೆಲ್ಲ ಆ ಗುಂಡಿ ಮೂರು ಸಲ ಒತ್ತಬೇಕು, ಮರೆಯಬೇಡ," ಎಂದರು. ಅದನ್ನು ಫೋನಿನಲ್ಲಿ ವಿಧೇಯಳಾಗಿ ಬರೆದುಕೊಂಡೆ.

ರೋಹಿಣಿ ವೆಸ್ಟಿನ ತಪಾಸಣೆಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಗಂಟು ಬಿಚ್ಚಿಸಿದಳು. ಇದೇನು ಎಂದಳು, ಬಾಜಾ ಎಂದೆ. "ಬಜಾ ಕೇ ದಿಖಾಓ," ನುಡಿಸಿ ತೋರಿಸು ಎಂದಳು. ನಾನು ಒತ್ತಿದೆ, ಸದ್ದಿಲ್ಲ. ಅವಳ ಹುಬ್ಬು ಗಂಟಿಕ್ಕಿತು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಒತ್ತಿದ ಸ್ವರವನ್ನೆಲ್ಲ ಬಾಯಲ್ಲೇ ಹಾಡಿ ತೋರಿಸಿದೆ, ಸ ರಿ ಗ ಪ ದ. ಅವಳು ಗೊಳ್ಳೆಂದು ನಕ್ಕು ಬಿಟ್ಟಳು. ಒಂದೂವರೆ ವರ್ಷ ಗಂಡನ ಮುಂದೆಯೂ ಹಾಡದವಳು ಮೆಟ್ರೊ ಗೇಟಿನಲ್ಲಿ ಹಾಡಿದ್ದೆ. ಆ ಹುಮ್ಮಸ್ಸಿನಲ್ಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಪದ್ಮಾಳಿಗೆ ಬರೆದೆ: "ಹಾಡ್ತೀನಿ." ತಕ್ಷಣ ಉತ್ತರ ಬಂತು: "ಅಬ್ಬಾ! ಶ್ರುತಿ ಅದೇ ತಾನೆ, ಕಪ್ಪು ನಾಲ್ಕು?" "ಅದೇ ಮತ್ತೆ!" ಎಂದು ಒತ್ತಿ ಕಳಿಸಿದೆ.

ಕಶ್ಮೀರಿ ಗೇಟಿನಲ್ಲಿ ಜನ ಇಳಿದು ಸೀಟು ಸಿಕ್ಕಿತು. ಯಮುನೆಯ ಸೇತುವೆಯ ಮೇಲೆ ಇಮ್ರಾನ್ ಶುರುಮಾಡಿದ. "ಅಕ್ಕಾ, ಬೈಬೇಡಿ. ಆ ಗುಂಡಿ ಒಂದ್ಸಲ ಒತ್ತಿದ್ರೆ ಶ್ರುತಿ ಒಂದು ಮನೆ ಕೆಳಗೆ ಹೋಗತ್ತೆ. ಅವರು ಮೂರು ಸಲ ಒತ್ತಿದ್ರು. ನಿಮ್ಮ ಬೆರಳು ಕಪ್ಪು ನಾಲ್ಕರಲ್ಲಿತ್ತು. ಸ್ಕ್ರೀನಲ್ಲಿ ಬರ್ತಾ ಇದ್ದಿದ್ದು ಬಿಳಿ ನಾಲ್ಕು, ಅಂದ್ರೆ ಮೂರು ಮನೆ ಕೆಳಗೆ."

ನನಗೆ ಅರ್ಥವಾಗಲು ಎರಡು ನಿಲ್ದಾಣ ಹಿಡಿಯಿತು. ಉಷಾಜೀಯವರ ದನಿಯೂ ವಯಸ್ಸಾದಂತೆ ಇಳಿದಿರಬೇಕು. ಬೆರಳು ಹಳೆಯ ಮನೆ ಬಿಡಲೊಲ್ಲದು, ಹಾಗಾಗಿ ಯಂತ್ರವನ್ನೇ ಕೆಳಗಿಳಿಸಿಕೊಂಡು ಹಾಡುತ್ತಿದ್ದರು. ಅಷ್ಟು ವರ್ಷ ಹಾಡಿದವಳ ಕಿವಿಗೆ ಇದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ತಂಬೂರಿ ಕೇಳಿ ಒಂದೂವರೆ ವರ್ಷವಾಗಿತ್ತು, ನಿಜ. ಆದರೆ ಕಿವಿಗೆ ಗೊತ್ತಾಗುವುದು ಬೇಕಿರಲಿಲ್ಲ ಎನ್ನುವುದು ಹೆಚ್ಚು ನಿಜ.

"ಅಲ್ಲೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳೋಣ ಅಂದ್ಕೊಂಡೆ. ನೀವು ಅಳ್ತಾ ಇದ್ರಿ. ಆ ಮೇಡಂ ಸುಮ್ನಿರು ಅಂತ ಕಣ್ಣಲ್ಲೇ ಹೇಳಿದ್ರು."

ನನಗೆ ಕೆಟ್ಟ ಸಿಟ್ಟು ಬಂತು. ಉಷಾಜೀ ಮೇಲೆ, ಇಮ್ರಾನನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ "ಅದೇ ಮತ್ತೆ" ಎಂದು ಬರೆದ ನನ್ನ ಹೆಬ್ಬೆರಳಿನ ಮೇಲೆ. ವೆಲ್‌ಕಮ್, ಕಡ್ಕಡ್‌ಡೂಮಾ, ಯಮುನಾ ಬ್ಯಾಂಕ್, ಎಲ್ಲ ಕಡೆಯೂ ಗಾಡಿ ಬದಲಿಸುವಾಗ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದೆ. ಇಮ್ರಾನ್ ಬೆಡ್‌ಶೀಟಿನ ಗಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅರವತ್ತೆರಡರಲ್ಲಿ ಇಳಿದಾಗ ನಾಲ್ಕೂವರೆ. ಮನೆಗೆ ಬಂದು ನನ್ನ ಲ್ಯಾಪ್‌ಟಾಪಿಗೆ ಎಲ್ಲ ಹಾಕಿಕೊಟ್ಟು, ಚಹಾ ಕೂಡ ಕುಡಿಯದೆ ಹೊರಟುಹೋದ.

ನಾನು ಬಾಗಿಲು ಹಾಕಿಕೊಂಡು ಕೂತೆ. ಗುಂಡಿ ಮುಟ್ಟಲಿಲ್ಲ. ಕಪ್ಪು ನಾಲ್ಕು ಒತ್ತಿ ಹಾಡಿದೆ. ನಿಷಾದವಿಲ್ಲದ ರಾಗ ಭೂಪ, ಧೈವತದಿಂದ ನೇರ ಮೇಲಿನ ಷಡ್ಜಕ್ಕೆ ಹೋಗಬೇಕು. ಹೋಗಲಿಲ್ಲ, ಒಡೆಯಿತು. ಇನ್ನೊಮ್ಮೆ ಹಾಡಿದೆ, ಇನ್ನೊಮ್ಮೆ ಒಡೆಯಿತು. ಈಗ ಆ ಗುಂಡಿ ಮೂರು ಸಲ ಒತ್ತಿದರೆ ಎಲ್ಲ ಸುಸೂತ್ರ. ಬೆರಳು ಕಪ್ಪು ನಾಲ್ಕರಲ್ಲೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಪದ್ಮಾಳ ಗಂಡನ ಹಾರ್ಮೋನಿಯಂಗೆ ಅಂಥ ಗುಂಡಿ ಇಲ್ಲ.

ಬೆರಳನ್ನು ಎತ್ತಿ ಬಿಳಿ ನಾಲ್ಕರ ಮೇಲಿಟ್ಟೆ. ಪರರ ಮನೆಗೆ ಬಂದ ಹಾಗೆ ಮುಜುಗರವಾಯಿತು. ಮುಂದಿನ ಸ್ವರ ಎಲ್ಲಿದೆ ಎಂದು ಹುಡುಕುತ್ತ ಹೋದರೆ, ಭೂಪದ ಐದೂ ಸ್ವರ ಬಿಳಿ ಮನೆಗಳಲ್ಲೇ ಸಿಕ್ಕವು, ಒಂದು ಕಪ್ಪೂ ಬೇಡ. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ! ಹಾಡಿದೆ. ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಗಂಡ ಬಾಗಿಲ ಹೊರಗೆ ಬಂದು ನಿಂತದ್ದು ಕೆಳಗಿನ ಸಂದಿಯಲ್ಲಿ ಕಂಡ ಪಾದಗಳಿಂದ ಗೊತ್ತಾಯಿತು. ನಿಲ್ಲಿಸಲಿಲ್ಲ.

ಆಮೇಲೆ ಇಮ್ರಾನನಿಗೆ ಫೋನ್ ಮಾಡಿ, ನಾಳೆ ಊಟಕ್ಕೆ ಬಾ ಎಂದೆ. ಪದ್ಮಾಳಿಗೆ ಬರೆದೆ: "ಆಗ ಹೇಳಿದ್ದು ತಪ್ಪು. ನನ್ನ ಶ್ರುತಿ ಈಗ ಬಿಳಿ ನಾಲ್ಕು. ನಿಮ್ಮವರಿಗೆ ಹೇಳಿಡು."

ಎರಡು ನಿಮಿಷ ಬಿಟ್ಟು ಉತ್ತರ ಬಂತು. "ಇವರು ಬದುಕಿದೆ ಅಂತಿದ್ದಾರೆ. ಕಪ್ಪು ನಾಲ್ಕರಲ್ಲಿ ನುಡಿಸೋಕೆ ಇವರಿಗೆ ಮೊದಲಿಂದ್ಲೂ ಕಷ್ಟವಂತೆ."

"ಮತ್ತೆ ಇಷ್ಟು ವರ್ಷ ಹೇಳಲೇ ಇಲ್ಲವಲ್ಲ?"

"ನಿಮಗೆ ಹೇಳೋಕೆ ಎಲ್ಲರಿಗೂ ಭಯ."