ಎಡಮುರಿ ಹುಳುಗಳ ವಿಡಿಯೊ

ನನ್ನ ಹೆಂಡತಿ ಬಸವನಹುಳು ಸಾಕುತ್ತಾಳೆ. ಮದುವೆಯ ಹೊಸತರಲ್ಲಿ ಯಾರಾದರೂ ಕೇಳಿದರೆ ‘ಸಂಶೋಧನೆ’ ಎಂದು ಗತ್ತಿನಿಂದ ಹೇಳುತ್ತಿದ್ದೆ. ಈಗ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನನ್ನ ಕನ್ನಡಕದ ಅಂಗಡಿಗೆ ಬರುವವರು ನಕ್ಕರೆ ನಗಲಿ.

ತೋಟದಲ್ಲಿ ಕಾಣುವ ಹುಳುಗಳ ಚಿಪ್ಪು ಬಲಕ್ಕೆ ಸುತ್ತಿಕೊಂಡಿರುತ್ತದೆ. ಎಲ್ಲೋ ಅಪರೂಪಕ್ಕೆ ಒಂದರದ್ದು ಎಡಕ್ಕೆ. ಅಂಥ ಎಡಮುರಿಗಳನ್ನೇ ಹುಡುಕಿ ತಂದು, ಮರಿ ಮಾಡಿಸಿ, ಹೀಗೇಕೆ ಆಯಿತು ಎಂದು ನೋಡುವುದು ಇವಳ ಕೆಲಸ. “ಏನು ಕಾರಣವಂತೆ?” ಎಂದು ಯಾವಾಗ ಕೇಳಿದರೂ ಒಂದೇ ಉತ್ತರ: “ಇನ್ನೂ ಗೊತ್ತಿಲ್ಲ.” ಹೇಳುವಾಗ ಮುಖದಲ್ಲಿ ಏನೋ ಖುಷಿ. ಈ ಉತ್ತರಕ್ಕೆ ಯಾವ ಪುಣ್ಯಾತ್ಮ ದುಡ್ಡು ಕೊಡುತ್ತಾನೆ ಎಂದು ನಾನು ರೇಗಿಸುತ್ತಿದ್ದೆ.

ಅದನ್ನೇ ತಿಳಿಯಲು ನನ್ನ ಅಕ್ಕನ ಮಗಳು ಪುಟ್ಟಿ ನಮ್ಮ ಮನೆಗೆ ಬಂದಳು. ವಿಜ್ಞಾನಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಕ್ಯಾಮೆರಾ ಮುಂದೆ ವಿಜ್ಞಾನವನ್ನು ಹೇಗೆ ಹೇಳಬೇಕು, ಎರಡನ್ನೂ ಯಾವುದಾದರೂ ಪ್ರಯೋಗಾಲಯದಲ್ಲಿದ್ದು ಕಲಿತು ಬನ್ನಿ ಎಂದು ಕಾಲೇಜಿನವರು ಕಳಿಸಿದ್ದರು. ಚೂಟಿ ಹುಡುಗಿ. ಅತ್ತೆ ಎಂದರೆ ಪ್ರಾಣ.

ಬಂದ ಹೊತ್ತು ಮಾತ್ರ ಸರಿಯಿರಲಿಲ್ಲ. ನನ್ನ ಹೆಂಡತಿಯ ಯೋಜನೆಯ ಅವಧಿ ಮುಗಿಯುತ್ತಿತ್ತು. ಮುಂದುವರಿಸಬೇಕಾದರೆ ಅರ್ಜಿಯ ಜೊತೆ ಜನಸಾಮಾನ್ಯರಿಗೆ ಅರ್ಥವಾಗುವ ಒಂದು ವಿಡಿಯೊ ಬೇಕೆಂದು ಸಮಿತಿ ಹೇಳಿತ್ತು. ಇಲ್ಲದಿದ್ದರೆ ಪ್ರಯೋಗಾಲಯದ ಕೋಣೆ ಖಾಲಿ ಮಾಡಬೇಕು. ಹುಳುಗಳೂ ಹೊರಗೆ.

“ನಾನಿದೀನಲ್ಲ, ಅತ್ತೆ!” ಎಂದು ಪುಟ್ಟಿ ದೀಪ, ಕ್ಯಾಮೆರಾ ಹೂಡಿದಳು. ಇವಳು ಕೊರಡಿನ ಹಾಗೆ ನಿಂತಳು. ವಾಕ್ಯಕ್ಕೊಂದು ‘ಇರಬಹುದು’.

“ಸ್ವಲ್ಪ ನಗ್ತಾ ಹೇಳಿ, ಅತ್ತೆ.”

“ನಗೋ ವಿಷಯ ಅಲ್ವಲ್ಲೇ.”

ಹುಳುಗಳಂತೂ ದೀಪದ ಕಾವಿಗೆ ಚಿಪ್ಪಿನೊಳಗೆ ಸೇರಿ ಬಾಯಿ ಮುಚ್ಚಿಕೊಂಡವು. ಸೌತೆಕಾಯಿ ಹೋಳಿಟ್ಟರೂ ಒಂದೂ ಮಿಸುಕಲಿಲ್ಲ. ನೀರು ಚಿಮುಕಿಸಿ ಎಬ್ಬಿಸೋಣವೆಂದರೆ ಇವಳು ಬಿಡಲಿಲ್ಲ. “ಪಾಪ, ಮಲಗಲಿ ಬಿಡು” ಎಂದು ಹೊರಟುಹೋದಳು.

ಆದರೂ ಮರುದಿನ ಪುಟ್ಟಿ ವಿಡಿಯೊ ಮುಗಿಸಿ ತಂದಳು. ತನ್ನ ಮುಖ ತಾನೇ ನೋಡಲಾಗದೆ ಇವಳು, “ನೀವೇ ನೋಡಿ ಕಳಿಸ್ಬಿಡ್ರಿ” ಎಂದಳು. ನಾನು ನೋಡಿದೆ. ಗಾಜಿನ ತಟ್ಟೆಯ ಮೇಲೆ ಎಡಮುರಿ ಹುಳುವೊಂದು ಕೊಂಬು ಚಾಚಿ ರಾಜಠೀವಿಯಲ್ಲಿ ನಡೆಯುತ್ತಿತ್ತು. “ಎದ್ದುಬಿಡ್ತಾ?” ಎಂದೆ. “ಹೂಂ ಮಾವ” ಎಂದಳು. ಶಹಬ್ಬಾಸ್ ಎಂದು ಬೆನ್ನು ತಟ್ಟಿ ಕಳಿಸಿಬಿಟ್ಟೆ.

ಸಮಿತಿಯ ಸಂದರ್ಶನ ನಮ್ಮ ಊಟದ ಮೇಜಿನ ಮೇಲೆಯೇ, ಲ್ಯಾಪ್‌ಟಾಪಿನಲ್ಲಿ ನಡೆಯಿತು. ನಾನೂ ಪುಟ್ಟಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಅಧ್ಯಕ್ಷರು ಮೆತ್ತಗಿನ ದನಿಯಲ್ಲಿ, “ಮೇಡಂ, ಹುಳು ನಡೆಯೋ ಕಡೆ ಹಿಂದಿನ ಗೋಡೆ ಗಡಿಯಾರ ನೋಡಿ” ಎಂದು ವಿಡಿಯೊ ಹಚ್ಚಿದರು. ಮಸುಕಾಗಿ ಕಾಣುತ್ತಿದ್ದ ಗಡಿಯಾರದಲ್ಲಿ ಕೆಂಪು ಸೆಕೆಂಡು ಮುಳ್ಳು ಹಿಂದಕ್ಕೆ ಓಡುತ್ತಿತ್ತು. ಊರಿಗೆಲ್ಲ ಕನ್ನಡಕ ಕೊಡುವ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ.

“ಕನ್ನಡಿಯಲ್ಲಿ ಕಾಣೋ ಹಾಗೆ ಚಿತ್ರ ತಿರುಗಿಸಿದೀರಿ. ಅಂದ್ರೆ ಅದು ಮಾಮೂಲಿ ಬಲಮುರಿ ಹುಳು, ಅಲ್ವಾ?”

ಪುಟ್ಟಿ ನನ್ನ ತೋಳು ಹಿಡಿದುಕೊಂಡಳು. “ತೋಟದಿಂದ ತಂದಿದ್ದೆ, ಮಾವ. ಅತ್ತೆಯವು ಏಳಲೇ ಇಲ್ಲವಲ್ಲ... ಅತ್ತೆಗೆ ಸಹಾಯ ಆಗ್ಲಿ ಅಂತ...”

ಇವಳು ಒಮ್ಮೆ ನಮ್ಮ ಕಡೆ ತಿರುಗಿದಳು. ಹುಡುಗಿಯ ಮುಖ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು.

“ಯಾರು ಮಾಡಿದ್ದು ಮೇಡಂ ಇದನ್ನ?”

ಪುಟ್ಟಿ ಮುಂದೆ ಹೆಜ್ಜೆಯಿಟ್ಟಳು. ಇವಳು ಮೇಜಿನ ಕೆಳಗೆ ಕೈ ಅಡ್ಡ ಹಿಡಿದು ಅವಳನ್ನು ತಡೆದಳು. “ಅರ್ಜಿ ನಂದು. ಜವಾಬ್ದಾರೀನೂ ನಂದೇ.”

ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ ಎಂದು ಕೂಗಿಬಿಡಬೇಕು ಅನ್ನಿಸಿತು. ಕೂಗಿದರೆ ಹುಡುಗಿಯ ಓದಿಗೆ ಕಲ್ಲು ಬೀಳುತ್ತದೆ, ಸುಮ್ಮನಿದ್ದರೆ ಇವಳ ಬದುಕಿಗೆ. ಪುಟ್ಟಿಯ ಕೈ ಹಿಡಿದು ಹಿಂದಕ್ಕೆಳೆದುಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಧ್ಯಕ್ಷರು ಧನ್ಯವಾದ ಹೇಳಿದರು, ಪರದೆ ಕಪ್ಪಾಯಿತು.

ಕೋಣೆ ಖಾಲಿ ಮಾಡಿದೆವು. ಹುಳುಗಳನ್ನು ಬೇರೆ ಯಾರೂ ತೆಗೆದುಕೊಳ್ಳಲಿಲ್ಲ. ಡಬ್ಬಿಗಳಲ್ಲಿ ತುಂಬಿ ಮನೆಗೆ ತಂದು, ಬೇರೆ ಜಾಗವಿಲ್ಲದೆ ಬಚ್ಚಲುಮನೆಯಲ್ಲಿ ಇಟ್ಟೆವು.

ಪುಟ್ಟಿ ಊರಿಗೆ ಹೊರಡುವ ದಿನ ನಾನು ಸ್ನಾನಕ್ಕೆ ಬಿಸಿನೀರು ಬಿಟ್ಟು ಬಂದಿದ್ದೆ. ಹಿಂತಿರುಗಿ ಹೋದರೆ ಬಚ್ಚಲು ತುಂಬ ಹಬೆ. ಎಲ್ಲ ಹುಳುಗಳೂ ಎದ್ದಿದ್ದವು. ಡಬ್ಬಿಯಿಂದ ಹೊರಬಂದು, ಕೊಂಬು ಚಾಚಿಕೊಂಡು, ಗೋಡೆಯ ತುಂಬ ಜಾತ್ರೆಯ ಹಾಗೆ ಹರಿದಾಡುತ್ತಿದ್ದವು. ಒಂದೊಂದೂ ಎಡಮುರಿ. ಇಬ್ಬರನ್ನೂ ಕೂಗಿದೆ.

ಇವಳು ಗೋಡೆಯ ಹತ್ತಿರ ಬಗ್ಗಿ ನೋಡಿದಳು. “ಈಗ ತೆಗಿ ಪುಟ್ಟಿ, ಚೆನ್ನಾಗಿ ನಡೀತಿವೆ” ಎಂದಳು.

ಪುಟ್ಟಿ ಫೋನು ಎತ್ತಿದಳು. “ಯಾರಿಗೆ ಕಳಿಸೋದು, ಅತ್ತೆ?”

“ಗೊತ್ತಿಲ್ಲ” ಎಂದಳು ನನ್ನ ಹೆಂಡತಿ. ಇಷ್ಟು ವರ್ಷಗಳಲ್ಲಿ ಅವಳು ‘ಇನ್ನೂ’ ಸೇರಿಸದೆ ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.