ಗೋಡೆಯಕ್ಕನ ಬೋನಿನಲ್ಲಿ ಸಾಯದೆ ಉಳಿದವು

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯದ ನೆಲಮಾಳಿಗೆಯ ಕೋಣೆಯಲ್ಲಿ ಫ್ಯಾನುಗಳ ಗುಂಯ್ ಸದ್ದಿನ ಜೊತೆ ಇನ್ನೊಂದು ಸದ್ದು ಕೇಳಬೇಕಿತ್ತು, ಟಿಕ್ ಎಂದು. ಕಂಪ್ಯೂಟರಿನೊಳಗೆ ಪರಮಾಣುವೊಂದು ಸತ್ತಾಗಲೆಲ್ಲ ಹಾಗೆ ಸದ್ದಾಗುವಂತೆ ಮಾಡಿಟ್ಟುಕೊಂಡವರು ಗೋಡೆಯಕ್ಕ. ಕಣ್ಣು ಬೇರೆ ಕೆಲಸದಲ್ಲಿದ್ದರೂ ಕಿವಿ ಲೆಕ್ಕ ಇಡುತ್ತದೆ. ಇವತ್ತು ಆ ಸದ್ದು ನಿಂತು ಬಹಳ ಹೊತ್ತಾಗಿದೆ.

"ಒಳಗೆ ಇನ್ನೂ ಬೇಕಾದಷ್ಟು ಇದಾವೆ. ಆದ್ರೆ ಯಾವುದೂ ಸಾಯ್ತಾ ಇಲ್ಲ," ಎನ್ನುತ್ತಾರೆ, ಚಹಾ ಲೋಟವನ್ನು ಕೀಬೋರ್ಡಿನಿಂದ ದೂರ ಸರಿಸುತ್ತಾ. ದನಿಯಲ್ಲಿ ಸಂತೋಷವಿಲ್ಲ.

ಇವರು ಲೆಕ್ಕ ಹಾಕುವುದು ಪ್ರತಿದ್ರವ್ಯದ ಪರಮಾಣುಗಳನ್ನು. ನಾವು ನೀವು, ಮೇಜು ಕುರ್ಚಿ ಎಲ್ಲ ಆಗಿರುವ ದ್ರವ್ಯಕ್ಕೆ ಅದು ತದ್ವಿರುದ್ಧ ಜೋಡಿ. ಎರಡೂ ಮುಟ್ಟಿಕೊಂಡರೆ ಕಥೆ ಮುಗಿಯಿತು. ಒಂದು ಮಿಂಚು, ಆಮೇಲೆ ಎರಡೂ ಇಲ್ಲ. ಹಾಗಾಗಿ ಅದನ್ನು ಬರೀ ಡಬ್ಬಿಯಲ್ಲಿ ಇಡುವಂತಿಲ್ಲ. ಪಕ್ಕದ ಕಟ್ಟಡದ ಯಂತ್ರದಲ್ಲಿ ಅಯಸ್ಕಾಂತಗಳು ಈ ಪರಮಾಣುಗಳನ್ನು ಗೋಡೆಗೆ ತಾಗದಂತೆ ನಡುವೆಯೇ ಹಿಡಿದಿಡುತ್ತವೆ. ಇಲ್ಲಿನವರ ಬಾಯಲ್ಲಿ ಅದು ಬೋನು. ಅದರೊಳಗೆ ಇಣುಕಲು ಆಗದು. ಅದಕ್ಕೇ ಗೋಡೆಯಕ್ಕ ಅಂಥದೇ ಬೋನನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಸಾವಿರಾರು ಪರಮಾಣುಗಳನ್ನು ಓಡಲು ಬಿಟ್ಟು, ಯಾವುದು ಯಾವಾಗ ಗೋಡೆಗೆ ತಾಗಿ ಇಲ್ಲವಾಗುತ್ತದೆಂದು ನೋಡುತ್ತಾರೆ. ಹಗಲೂ ರಾತ್ರಿ ಗೋಡೆ ಗೋಡೆ ಎಂದು ಎಲ್ಲರ ತಲೆ ತಿಂದದ್ದಕ್ಕೆ ಸಿಕ್ಕ ಅಡ್ಡಹೆಸರೇ ಗೋಡೆಯಕ್ಕ.

ತಲೆಗೂದಲು ನರೆಯುವಷ್ಟು ವರ್ಷ ಇದೇ ಕೋಣೆಯಲ್ಲಿ ಕಳೆದಿದ್ದಾರೆ. ಗಂಡ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಗಂಡಹೆಂಡತಿ ಭೇಟಿಯಾಗುವುದು ಮನೆಯ ಮೆಟ್ಟಿಲ ಮೇಲೆ, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವಾಗ. ಪ್ರಯೋಗಾಲಯದ ಸಂಶೋಧನಾ ಪ್ರಬಂಧಗಳಲ್ಲಿ ಇವರ ಹೆಸರು ಬರುವುದು ಕೊನೆಯ ಪುಟದಲ್ಲಿ, ಕೃತಜ್ಞತೆಯ ಸಾಲಿನಲ್ಲಿ. ಈ ಸಲ ಮಾತ್ರ ಪ್ರಯೋಗಾಲಯದ ಮುಖ್ಯಸ್ಥರು ಲೇಖಕರ ಸಾಲಿಗೇ ಸೇರಿಸಿದ್ದಾರೆ. ಪರಮಾಣುಗಳು ಹಿಂದೆಂದಿಗಿಂತ ಹೆಚ್ಚು ಹೊತ್ತು ಬೋನಿನಲ್ಲಿ ಉಳಿಯುತ್ತವೆ ಎಂಬ ಘೋಷಣೆ ನಾಳೆ. ಅದು ನಿಂತಿರುವುದು ಇವರ ಲೆಕ್ಕದ ಮೇಲೆ.

ಗೋಡೆಯಕ್ಕ ಸಾಯದವುಗಳಲ್ಲಿ ಒಂದನ್ನು ಆರಿಸಿ ಅದರ ದಾರಿಯನ್ನು ತೆರೆಯ ಮೇಲೆ ದೊಡ್ಡದು ಮಾಡುತ್ತಾರೆ. ಹಸಿರು ಗೆರೆ ಗೋಡೆಯ ಅಂಚಿನಲ್ಲೇ ಸುತ್ತುತ್ತದೆ. ಇನ್ನಷ್ಟು ದೊಡ್ಡದು ಮಾಡುತ್ತಾರೆ. ಗೆರೆ ಗೋಡೆಯೊಳಕ್ಕೆ ಹೋಗಿದೆ. ಬರೀ ಲೋಹವಿರುವ ಕಡೆಗೆ ಹೋಗಿ, ಏನೂ ಆಗದಂತೆ ಬಾಗಿ ವಾಪಸು ಬಂದಿದೆ. ಅವರ ಕೈ ಮೌಸಿನಿಂದ ತಾನಾಗಿ ಹಿಂದೆ ಸರಿಯುತ್ತದೆ.

"ಇದು ಯಾವಾಗ್ಲೋ ಸತ್ತಿದೆ. ಅದಕ್ಕೆ ಯಾರೂ ಹೇಳಿಲ್ಲ, ಓಡ್ತಾನೇ ಇದೆ."

ತಪ್ಪು ಯಾರದೆಂದು ಹುಡುಕಬೇಕಿಲ್ಲ. ಪ್ರೋಗ್ರಾಮು ಪರಮಾಣುವನ್ನು ಎಡೆಬಿಡದೆ ನೋಡುವುದಿಲ್ಲ, ನಡುನಡುವೆ ರೆಪ್ಪೆ ಮಿಟುಕಿಸುತ್ತದೆ. ಘೋಷಣೆಯ ಅವಸರಕ್ಕೆ ಲೆಕ್ಕ ಬೇಗ ಮುಗಿಯಲೆಂದು ಆ ರೆಪ್ಪೆ ಹೆಚ್ಚು ಹೊತ್ತು ಮುಚ್ಚಿರುವಂತೆ ಮಾಡಿದವರು ಇವರೇ. ಅಷ್ಟರಲ್ಲಿ ಪರಮಾಣು ಗೋಡೆಗೆ ನುಗ್ಗಿ ಹಿಂದಿರುಗಿದೆ. ಉಳಿದವೆಂದು ಲೆಕ್ಕಕ್ಕೆ ಸಿಕ್ಕವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತು ಅತ್ತೆಗೆ ನಡೆದದ್ದನ್ನೆಲ್ಲ ಹೇಳುತ್ತಾರೆ. ಕಣ್ಣಿಗೆ ಕಾಣದ್ದಕ್ಕೆ ಸಂಬಳ ಕೊಡುತ್ತಾರಲ್ಲ ಎಂದು ಸೊಸೆಯನ್ನು ಸದಾ ಕಾಡಿಸುವ ಅತ್ತೆ ಇವತ್ತು ನಗದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ.

"ನಿಮ್ಮ ಮಾವ ಹೋದ ಮೇಲೂ ನಾನು ಬಹಳ ದಿನ ಎರಡು ಲೋಟ ಚಹಾ ಇಡ್ತಿದ್ದೆ," ಎನ್ನುತ್ತಾರೆ. "ಒಂದಿನ ಅವರ ಲೋಟ ಅರ್ಧ ಖಾಲಿ ಆಗಿತ್ತು. ನೋಡಿದ್ರೆ ನಾನೇ ಕುಡಿದಿದ್ದೆ. ಅವತ್ತು ನನಗೆ ನನ್ನ ಮೇಲೇ ಹೆದರಿಕೆ ಆಯ್ತು ಕಣೆ. ಹೋಗಿ ಹೇಳ್ಬಿಡು."

ಸೊಸೆ ಹೋಗಿ ಹೇಳುತ್ತಾರೆ. ಮುಖ್ಯಸ್ಥರು ಕುರ್ಚಿಯಿಂದ ಎದ್ದೇಬಿಡುತ್ತಾರೆ. "ಈಗ ಹೇಳ್ತೀರಲ್ರೀ! ನಾಳೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?" ಸಿಟ್ಟು ಇಳಿಯಲು ಹೊತ್ತು ಹಿಡಿಯುತ್ತದೆ. ಇಳಿದ ಮೇಲೆ ಘೋಷಣೆ ರದ್ದಾಗುತ್ತದೆ, ಪ್ರಬಂಧ ಪಕ್ಕಕ್ಕೆ ಸರಿಯುತ್ತದೆ. ಲೇಖಕರ ಸಾಲೂ ಅದರ ಜೊತೆಗೇ ಹೋಯಿತು. ಗೋಡೆಯಕ್ಕನಿಗೆ ಬೇಜಾರಾಗಿಲ್ಲ ಎಂದರೆ ಸುಳ್ಳು. ಕಾರಿಡಾರಿನಲ್ಲಿ ನಿಂತು ಕಣ್ಣೊರೆಸಿಕೊಂಡೇ ಕೆಳಗಿಳಿಯುತ್ತಾರೆ.

ಹೊಸ ಲೆಕ್ಕ ಮುಗಿಯಲು ದಿನಗಟ್ಟಲೆ ಹಿಡಿಯಿತು. ಈ ಸಲ ರೆಪ್ಪೆ ಮಿಟುಕಿಸಲು ಬಿಟ್ಟಿಲ್ಲ. ಸುಳ್ಳಾಗಿ ಬದುಕಿದ್ದವೆಲ್ಲ ಒಂದೊಂದಾಗಿ ಹೋಗಿವೆ. ಕೊನೆಗೆ ಉಳಿದಿರುವುದು ಬೆರಳಲ್ಲಿ ಎಣಿಸುವಷ್ಟು. ಗೋಡೆಯಕ್ಕ ಪ್ರತಿಯೊಂದರ ದಾರಿಯನ್ನೂ ಬೆರಳಿಟ್ಟು ನೋಡುತ್ತಾರೆ. ಒಂದೂ ಗೋಡೆ ಮುಟ್ಟಿಲ್ಲ. ತಪ್ಪು ಹುಡುಕುತ್ತಾರೆ, ಸಿಗುವುದಿಲ್ಲ.

"ನಂಗೆ ನಿಜವಾಗಿ ಭಯ ಆಗಿದ್ದು ಈಗ," ಎನ್ನುತ್ತಾರೆ ಮೆಲ್ಲಗೆ. "ಇವನ್ನ ಹಿಡಿದಿಡೋ ಶಕ್ತಿ ಬೋನಿಗಿಲ್ಲ. ದಾಟಿ ಹೋಗೋವಷ್ಟು ಶಕ್ತಿ ಇವುಗಳಲ್ಲೇ ಇದೆ, ದಾರಿನೂ ಇದೆ. ಆದ್ರೂ ಆ ಕಡೆ ತಿರುಗ್ತಾನೇ ಇಲ್ಲ, ಒಳಗೇ ಸುತ್ತುತಾವೆ."

ಪಕ್ಕದ ಕಟ್ಟಡದ ಯಂತ್ರದಲ್ಲೂ ಇಂಥವು ಇದ್ದರೆ? ಇರಬಹುದು ಎನ್ನುತ್ತಾರೆ. ಮುಖ್ಯಸ್ಥರು ಅದನ್ನು ಹುಡುಕಲು ಒಪ್ಪಿದ್ದಾರೆ. ಲೇಖಕರ ಸಾಲಿನಲ್ಲಿ ಹೆಸರಿನ ಮಾತನ್ನು ಇವರೂ ಎತ್ತಿಲ್ಲ, ಅವರೂ ಎತ್ತಿಲ್ಲ. ಬೇರೇನಾದರೂ ಬೇಕೆ ಎಂದರೆ ಗೋಡೆಯಕ್ಕ ಸ್ವಲ್ಪ ನಾಚುತ್ತಾರೆ.

"ಅಯಸ್ಕಾಂತ ಆರಿಸಿ ಬೋನು ತೆರೆಯೋ ದಿನ ನನ್ನನ್ನ ಕರೀಲಿ, ಅಷ್ಟೇ. ಇವು ಹೋಗೋವಾಗ ಗೊತ್ತಿರೋರು ಒಬ್ಬರಾದ್ರೂ ಹತ್ರ ಇರ್ಬೇಕಲ್ವಾ?"