ಕಂಬ ಹತ್ತುವವನ ಹೆಸರು

ಯಲಬುರ್ಗಾದಲ್ಲಿ ಬರಿಯ ಪಂಪಣ್ಣ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಾರೆ. ಕೇಬಲ್ ಪಂಪಣ್ಣ ಎಂದರೆ ಸಣ್ಣ ಮಕ್ಕಳೂ ಅವನ ಮನೆಯ ಬಾಗಿಲಿಗೆ ತಂದು ಬಿಡುತ್ತಾರೆ. ವಯಸ್ಸು ಐವತ್ನಾಲ್ಕು. ಮೊದಲು ಟೆಲಿಫೋನ್ ಕಂಬ ನೆಡುವ ದಿನಗೂಲಿ, ಆಮೇಲೆ ಜಿಲಾನಸಾಬರ ಕೇಬಲ್ ಟೀವಿ ಆಫೀಸು, ಈಗ ಅದೇ ಆಫೀಸಿನಲ್ಲಿ ಮನೆಮನೆಗೆ ನೆಟ್ ಎಳೆಯುವ ಕೆಲಸ. ಕಾಲ ಎರಡು ಸಲ ಮಗ್ಗುಲು ಬದಲಿಸಿದರೂ ಪಂಪಣ್ಣನ ಏಣಿ ಮಾತ್ರ ಅದೇ ಹಳೆಯ ಬಿದಿರಿನದು.

ದೀಪದ ಕೆಳಗೆ ಕತ್ತಲೆ ಅನ್ನುತ್ತಾರಲ್ಲ, ಅವನ ಬಾಳೂ ಹಾಗೇ ಇತ್ತು. ತಾಲ್ಲೂಕಿನ ಅರ್ಧ ಊರುಗಳಿಗೆ ಫೋನಿನ ತಂತಿ ಎಳೆದವನು ತನ್ನ ಹೆಂಡತಿಗೆ ವರ್ಷಗಟ್ಟಲೆ ಒಂದು ಸಲವೂ ಫೋನ್ ಮಾಡಿದವನಲ್ಲ. ಗಾಳೆಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಬಾಯಿಂದ ಮಾತು ಬಾರದು. ಆನೆಗೊಂದಿಯಲ್ಲಿ ಕಂಬ ನೆಡಲು ಹೋದಾಗ, ಕಟ್ಟೆಯ ಮೇಲೆ ಕೂತು ಬಾಳೆನಾರು ಹೊಸೆಯುತ್ತಿದ್ದ ಹುಡುಗಿಯ ಬೆರಳುಗಳನ್ನು ನೋಡಿ ಇವನು ಕೆಲಸ ಮರೆತು ನಿಂತಿದ್ದ. ಮದುವೆಯಾಗಿ ಕರೆತಂದಾಗ, "ಹೋಗಿ ಹೋಗಿ ಮೂಗಿನ್ನ ಕಟ್ಕೊಂಡ್ ಬಂದಾನ" ಎಂದು ಓಣಿಯವರು ನಕ್ಕರು. ಹಾಗೆ ನಕ್ಕವರ ಬಾಯಿಬಡುಕತನದಿಂದ ಯಾರ ಸಂಸಾರ ಉದ್ಧಾರವಾಯಿತೋ ನಾನು ಕಾಣೆ. ಈ ಮನೆಯಲ್ಲಂತೂ ಮೂವತ್ತು ವರ್ಷ ಮಾತಿಗೆ ಕೊರತೆ ಬರಲಿಲ್ಲ.

ಅವಳ ಸನ್ನೆಗಳು ಯಾವ ಶಾಲೆಯವೂ ಅಲ್ಲ, ಅವಳೇ ಕಟ್ಟಿಕೊಂಡವು. ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ ಆಗಿದೆ, ಬಾ ಎಂದು. ಮದುವೆಯಾದ ವಾರದಲ್ಲೇ ಗಂಡನಿಗೊಂದು ಹೆಸರನ್ನೂ ಇಟ್ಟಳು. ಎರಡೂ ಮುಷ್ಟಿ ಬಿಗಿದು, ಒಂದರ ಮೇಲೊಂದು ಏರಿಸುತ್ತಾ ಹೋಗುವುದು. ಕಂಬ ಹತ್ತುವವನು ಎಂದು ಅದರ ಅರ್ಥ. ಮಗಳು ಹುಟ್ಟಿ ದೊಡ್ಡವಳಾದ ಮೇಲೆ ಮೇಲ್ತುಟಿ ಸವರಿ ಮೀಸೆ ತೋರಿಸಿ ಅಪ್ಪ ಎಂದು ಕರೆದಳು. ಕಂಬದ ಹೆಸರು ಮಾತ್ರ ಗಂಡ ಹೆಂಡಿರ ನಡುವೆಯೇ ಉಳಿಯಿತು.

ತಂತಿ ಕೆಲಸಕ್ಕೆ ಕುಷ್ಟಗಿ, ಗಂಗಾವತಿ ಕಡೆ ಹೋದರೆ ವಾರಗಟ್ಟಲೆ ಒಬ್ಬರ ಸುದ್ದಿ ಒಬ್ಬರಿಗಿಲ್ಲ. ಏಳೆಂಟು ವರ್ಷದ ಕೆಳಗೆ, ಮಗಳು ಒತ್ತಾಯ ಮಾಡಿ ಇಬ್ಬರಿಗೂ ಒಂದೊಂದು ಮೊಬೈಲ್ ಕೊಡಿಸಿದಳು. ಗಂಗಾವತಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಂಪಣ್ಣ ಮೊದಲ ವಿಡಿಯೋ ಕಾಲ್ ಹಚ್ಚಿದ. ಗಾಳೆಮ್ಮನ ಮುಖ ಬಂತು. ಆಮೇಲೆ ಅವಳ ಎರಡು ಮುಷ್ಟಿ ಮೇಲೆದ್ದು ಒಂದರ ಮೇಲೊಂದು ಏರಿದವು. ಅಲ್ಲೇ ಜನರ ನಡುವೆ ನಿಂತು ಅವನು ಅತ್ತುಬಿಟ್ಟ, ನಾಚಿಕೊಳ್ಳಲಿಲ್ಲ.

ಇಂಥವನನ್ನು ಒಂದು ಮಂಗಳವಾರ ಬೆಳಿಗ್ಗೆ ಜಿಲಾನಸಾಬರು ಕರೆದರು.

"ಪಂಪಣ್ಣಾ, ಕಾಶಿನಾಥಪ್ಪನ ಮನಿಗೆ ನಮ್ಮವರು ಮೂರು ಸಲ ಹೋಗಿ ಬಂದ್ರು. ಹೋಗಿ ನೋಡಿದ್ರ ಎಲ್ಲಾ ಬರೋಬ್ಬರಿ ಐತಿ ಅಂತಾರ. ಮರುದಿನ ಮತ್ತ ಕಂಪ್ಲೇಂಟು. ಈ ಸಲ ನೀನ ಹೋಗಪಾ."

ಕಾಶಿನಾಥಪ್ಪನದು ಹಳೇ ಓಣಿಯ ದೊಡ್ಡ ಮಣ್ಣಿನ ಮಾಳಿಗೆ ಮನೆ. ಅಣ್ಣತಮ್ಮಂದಿರ ಸಂಸಾರ ಸೇರಿ ಇಪ್ಪತ್ಮೂರು ಜನ, ಮೂರಡಿ ದಪ್ಪದ ಗೋಡೆಗಳು. ಒಂದು ಡಬ್ಬಿಯ ನೆಟ್ ಪಡಸಾಲೆ ದಾಟುವುದಿಲ್ಲವೆಂದು ಮೆಶ್ ವೈಫೈ ಹಾಕಿಸಿದ್ದರು. ಐದು ಡಬ್ಬಿ, ಒಂದರಿಂದ ಇನ್ನೊಂದು ನೆಟ್ ಇಸಿದುಕೊಂಡು ಹಿತ್ತಲ ಕೋಣೆಯವರೆಗೂ ಮುಟ್ಟಿಸಬೇಕು. ಮುಟ್ಟಿಸುತ್ತಿರಲಿಲ್ಲ ಎಂಬುದೇ ದೂರು.

"ಬರ್ರಿ ಪಂಪಣ್ಣಾರ," ಎಂದರು ಕಾಶಿನಾಥಪ್ಪ. "ಹಂಗ ನೋಡಿದ್ರ ಕೆಟ್ಟಿಲ್ಲ ಬಿಡ್ರಿ. ಮಾತು ಸ್ವಚ್ಛ ಕೇಳ್ತೈತಿ. ಚಿತ್ರ ಒಂದ ಆಗಾಗ ನಿಂದರ್ತೈತಿ. ಅದ್ಕೇನು ಅಷ್ಟು ದೊಡ್ಡದು ಮಾಡೋದು? ನಮ್ಮ ಹುಡುಗಿ ಕೇಳವಲ್ಲಳು."

ಹುಡುಗಿ ಪಡಸಾಲೆಯ ಕಂಬದ ಪಕ್ಕದಲ್ಲಿ ನಿಂತಿದ್ದಳು. ಹೇಮಾ, ಅವರ ಮಗಳು, ಇಪ್ಪತ್ನಾಲ್ಕು ವರ್ಷದವಳು. ತಂದೆ ಮಾತಾಡುವಾಗ ಅವಳ ಕಣ್ಣು ಅವರ ತುಟಿಯ ಮೇಲೇ ಇದ್ದದ್ದನ್ನು ಪಂಪಣ್ಣ ಕಂಡ. ಆ ನೋಟ ಅವನಿಗೆ ಮೂವತ್ತು ವರ್ಷದ ಪರಿಚಯ. ಅವಳು ನೋಟ್‌ಬುಕ್ ಮುಂದೆ ಚಾಚಿದಳು.

"ನನಗೆ ಚಿತ್ರವೇ ಮಾತು. ಕೊಪ್ಪಳದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಗೆ ಟೀಚರ್ ಬೇಕಾಗಿದ್ದಾರೆ. ಸಂದರ್ಶನ ಸನ್ನೆಯಲ್ಲಿ, ವಿಡಿಯೋದಲ್ಲಿ. ಹೋದ ತಿಂಗಳು ನಡುವೆಯೇ ಚಿತ್ರ ನಿಂತಿತು. ಈ ಗುರುವಾರ ಹನ್ನೊಂದಕ್ಕೆ ಇನ್ನೊಂದು ಸಲ ಕರೆದಿದ್ದಾರೆ. ಇದೇ ಕೊನೆ. ಸಂಜೆ ಸರಿ ಇರುತ್ತದೆ, ಹಗಲು ಕೆಡುತ್ತದೆ. ಇದನ್ನು ಬಂದವರಿಗೆಲ್ಲ ಬರೆದು ತೋರಿಸಿದ್ದೇನೆ."

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಬಂದ ಮೂವರೂ ಸಂಜೆಯೇ ಬಂದಿದ್ದರು, ಮೊಬೈಲಿನಲ್ಲಿ ಸ್ಪೀಡಿನ ಅಂಕಿ ನೋಡಿ ಫುಲ್ ಐತಿ ಎಂದು ಚಹಾ ಕುಡಿದು ಹೋಗಿದ್ದರು. ಸಂದರ್ಶನದವರು ಬಾಗಿಲು ಹಾಕಿದ ಕೋಣೆ, ಬೆನ್ನಿಗೆ ಬಿಳಿ ಗೋಡೆ ಬೇಕೆಂದಿದ್ದರಿಂದ ಸುಣ್ಣ ಬಳಿದ ಹಿತ್ತಲ ಕೋಣೆಯೊಂದೇ ಗತಿ. ಮೊಬೈಲ್ ಟವರಿನ ನೆಟ್ ಆ ಗೋಡೆಗಳೊಳಗೆ ಕಾಲಿಡುತ್ತಿರಲಿಲ್ಲ.

ಊರಿಗೆಲ್ಲ ಒಂದು ದಾರಿಯಾದರೆ ಪಂಪಣ್ಣನಿಗೆ ಬೇರೆಯೇ ದಾರಿ. ಅವನು ಅಂಕಿ ನೋಡುವುದಿಲ್ಲ. ಮನೆಯವರ ವೈಫೈಗೆ ತನ್ನ ಮೊಬೈಲ್ ಜೋಡಿಸಿ ಗಾಳೆಮ್ಮನಿಗೆ ವಿಡಿಯೋ ಕಾಲ್ ಹಚ್ಚಿದ. ಅವಳು ಒಲೆಯ ಮುಂದೆ ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿಕೊಂಡು ಕೂತಳು. ಗಂಡನ ಚಿತ್ರ ಸರಾಗವಾಗಿ ಓಡುತ್ತಿದ್ದರೆ ಅವಳು ಅಂಗೈ ತೆರೆದು ತೋರಿಸುತ್ತಾಳೆ, ನಿಂತರೆ ಮುಷ್ಟಿ ಮುಚ್ಚುತ್ತಾಳೆ. ಇಷ್ಟೇ ಅವನ ಯಂತ್ರ. ಕಾಲ್ ಹತ್ತಿದ ಕೂಡಲೇ ಅವಳು ವಾಡಿಕೆಯಂತೆ ಎರಡು ಮುಷ್ಟಿ ಏರಿಸಿ ಅವನ ಹೆಸರು ಹಿಡಿದು ಕರೆದಳು.

ಹೇಮಾ ಬೆನ್ನ ಹಿಂದಿನಿಂದ ಇದನ್ನು ನೋಡಿದಳು. ಓಡಿಬಂದು ಮೊಬೈಲಿನ ಮುಂದೆ ನಿಂತು ಸರಸರನೆ ಏನೋ ಕೇಳಿದಳು. ಅವಳದು ಶಾಲೆಯಲ್ಲಿ ಕಲಿತ ಸನ್ನೆ, ಗಾಳೆಮ್ಮನದು ಅಡುಗೆಮನೆಯಲ್ಲಿ ಹುಟ್ಟಿದ್ದು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇಬ್ಬರೂ ನಕ್ಕರು. ಆ ಮನೆಯಲ್ಲಿ ಇಪ್ಪತ್ಮೂರು ಜನರಿದ್ದೂ ಅವಳೊಡನೆ ಕೈಯಿಂದ ಮಾತಾಡುವವರು ಒಬ್ಬರೂ ಇರಲಿಲ್ಲ ಎಂಬುದು ಆ ನಗುವಿನಲ್ಲೇ ಪಂಪಣ್ಣನಿಗೆ ಗೊತ್ತಾಯಿತು.

ಪಡಸಾಲೆಯಲ್ಲಿ ಅಂಗೈ, ಅಡುಗೆಮನೆಯಲ್ಲಿ ಅಂಗೈ, ಹಿತ್ತಲ ಕೋಣೆಯಲ್ಲೂ ಅಂಗೈ. ಪಂಪಣ್ಣನಿಗೆ ಅವಸರವಿರಲಿಲ್ಲ. ಹಗಲು ಕೆಡುತ್ತದೆ ಎಂದು ಬರೆದಿದ್ದಾಳಲ್ಲ, ಕೆಡುವವರೆಗೆ ಕಾಯುವುದು ಎಂದು ಹೇಮಾಳ ಕೋಣೆಯ ಹೊಸ್ತಿಲಲ್ಲಿ ಕೂತ. ಹತ್ತೂವರೆ ದಾಟಿತು. ಗಾಳೆಮ್ಮ ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ಥಟ್ಟನೆ ಹಿಟ್ಟಿನ ಕೈಯನ್ನೇ ಮುಷ್ಟಿ ಮಾಡಿ ತೋರಿಸಿದಳು. ಮರುಗಳಿಗೆ ಅವಳ ಚಿತ್ರವೂ ನಿಂತಿತು.

ಪಂಪಣ್ಣ ಎದ್ದು ಒಂದೊಂದೇ ಡಬ್ಬಿ ನೋಡುತ್ತಾ ನಡುಮನೆಗೆ ಬಂದ. ದೇವರ ಕೋಣೆಯ ಪಕ್ಕದ ಗೋಡೆಯಲ್ಲಿ ದೀಪ ಇಡುವ ಗೂಡು. ಹಿತ್ತಾಳೆಯ ದೀಪದ ಸಮೆಯ ಹಿಂದೆ, ಕುಂಕುಮ ಹಚ್ಚಿಸಿಕೊಂಡು, ಮೂರನೆಯ ಡಬ್ಬಿ ಕೂತಿತ್ತು. ಅದರ ಬೆಳಕು ಆರಿತ್ತು. ಕೆಳಗಿನ ಸ್ವಿಚ್ಚಿನ ಮೇಲೆ ಇನ್ನೂ ಬೆರಳಿಟ್ಟುಕೊಂಡು ಕಾಶಿನಾಥಪ್ಪನ ತಾಯಿ ದುರ್ಗಾದೇವಿ ನಿಂತಿದ್ದರು.

"ಅವ್ವಾರ, ಏನು ಮಾಡಿದ್ರಿ?"

"ಶಾಂತ ಮಾಡಿದ್ನಪಾ," ಎಂದರು ಮುದುಕಿ. "ಪೂಜಿ ಆತು. ಹಗಲಾಗ ಗೂಡಿನ ದೀಪ ಉರೀಬಾರ್ದು. ದಿನಾ ಪೂಜಿ ಆದ ಮ್ಯಾಲ ಶಾಂತ ಮಾಡ್ತೀನಿ, ಹೊತ್ತು ಮುಳುಗಿದ ಮ್ಯಾಲ ಹಚ್ತೀನಿ."

ಡಬ್ಬಿ ತಂದವರು ಎಲ್ಲಿಡೋಣ ಎಂದಾಗ, ಮಿಣುಕು ಬೆಳಕು ಕಂಡು ಗೂಡಿನಲ್ಲಿ ಇಡಿ ಎಂದವರೂ ಅವರೇ. ಆ ಮನೆಯಲ್ಲಿ ಬೆಳಕು ಕೊಡುವ ಯಾವುದಕ್ಕೂ ತಲೆತಲಾಂತರದಿಂದ ಅದೇ ಜಾಗ. ನಡುವಿನ ಡಬ್ಬಿ ಆರಿದರೆ ಹಿತ್ತಲಿನ ಡಬ್ಬಿ ದೂರದ ಪಡಸಾಲೆಯ ಡಬ್ಬಿಗೆ ಕೈಚಾಚಬೇಕು. ಆ ಗೋಡೆಗಳ ನಡುವೆ ಮಾತು ಹೇಗೋ ತೂರಿಕೊಂಡು ಹೋದೀತು, ಚಿತ್ರ ಹೋಗದು.

ಪಂಪಣ್ಣ ಪಾಠ ಹೇಳಲಿಲ್ಲ. ಡಬ್ಬಿ ತೆಗೆದು ಅದೇ ಗೂಡಿನಲ್ಲಿ ಒಂದು ಹಣತೆ ಹಚ್ಚಿಟ್ಟ.

"ಅವ್ವಾರ, ಈ ದೀಪದ ಬೆಳಕು ಹೇಮಾನ ಕೋಣಿಗೆ ಹೊಕ್ಕೈತೇನ್ರಿ?"

"ಅದ್ಹೆಂಗ ಹೊಕ್ಕೈತಿ? ಮೂರೂ ಕಡಿ ಗ್ವಾಡಿ."

"ಈ ಡಬ್ಬಿದೂ ಹಂಗ ರೀ. ಕಣ್ಣಿಗೆ ಕಾಣಂಗಿಲ್ಲ, ಅಷ್ಟ. ಗೂಡಿನಾಗ ಇಟ್ರ ಅರ್ಧ ಸಾಯ್ತೈತಿ. ಆರಿಸಿದ್ರ ಪೂರ್ತಿ ಹೋಗ್ತೈತಿ. ಹೇಮಾನ ಮಾತು ಇದರಾಗ ಬರ್ತಾವ, ಇದರಾಗ ಹೋಗ್ತಾವ."

ದುರ್ಗಾದೇವಿ ಹಣತೆಯನ್ನೇ ನೋಡುತ್ತಾ ನಿಂತರು. ತಿಳಿಯದ ಹೆಣ್ಣುಮಗಳಲ್ಲ ಅವರು. ಸ್ವಲ್ಪ ಹೊತ್ತಿಗೆ ಅವರ ಮುಖ ಇಳಿಯಿತು.

"ಹಂಗಾದ್ರ ಹ್ವಾದ ತಿಂಗಳ ಕೂಸಿನ ನೌಕರಿ ಕೆಡಿಸಿದಾಕಿ ನಾನ ಏನೋ ತಮ್ಮಾ?"

ಪಂಪಣ್ಣನಿಗೆ ಇಲ್ಲ ಎನ್ನಲು ಸುಳ್ಳು ಹೇಳಬೇಕಿತ್ತು, ಹೌದು ಎನ್ನಲು ಮನಸ್ಸು ಬರಲಿಲ್ಲ. "ದೀಪ ಅಲ್ಲದ್ದನ್ನ ದೀಪದ ಜಾಗದಾಗ ಇಟ್ಟವ್ರು ನಮ್ಮ ಆಫೀಸಿನವ್ರು. ತಪ್ಪು ನಮ್ಮದು ರೀ. ಗುರುವಾರ ಇನ್ನೂ ಬಂದಿಲ್ಲ, ಚಿಂತಿ ಬಿಡ್ರಿ," ಎಂದ. ಪಡಸಾಲೆಗೆ ಬಂದು ಕಾಶಿನಾಥಪ್ಪನಿಗೆ, ಗೋಡೆ ದಪ್ಪವಾದ್ದರಿಂದ ಹೀಗಾಗಿದೆ ಎಂದಷ್ಟೇ ಹೇಳಿದ. ನಡುಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸರಿ, ಗುರುವಾರಕ್ಕೆ ಗಾಳಿಯಲ್ಲಿ ತೇಲುವ ನೆಟ್ಟನ್ನೇ ನಂಬಿ ಕೂರುವುದು ಬೇಡ ಎಂದು ಪಂಪಣ್ಣನಿಗೆ ಅನ್ನಿಸಿತು. ಪಡಸಾಲೆಯಿಂದ ಹೇಮಾಳ ಕೋಣೆಗೆ ವೈರು ಎಳೆಯಬೇಕು. ಗೋಡೆ ಕೊರೆಯಲು ಕಾಶಿನಾಥಪ್ಪ ಒಪ್ಪಲಿಲ್ಲ. ಹಳೆಯ ಮಣ್ಣು, ಒಂದು ತೂತಿಗೆ ಬುಟ್ಟಿ ಮಣ್ಣು ಉದುರುತ್ತದೆ. ಪಂಪಣ್ಣ ತಲೆ ಎತ್ತಿ ನೋಡಿದ. ಅಂಥ ಮನೆಗಳಲ್ಲಿ ಕೋಣೆಗೊಂದು ಬೆಳಕಿಂಡಿ ಇರುತ್ತದೆ, ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಕಿಂಡಿ. ಬುಧವಾರ ಇಡೀ ದಿನ ಮಾಳಿಗೆ ಮೇಲೆ ಬೆಕ್ಕಿನ ಹೆಜ್ಜೆ ಇಟ್ಟು, ಒಂದು ಕಿಂಡಿಯಿಂದ ಹತ್ತಿಸಿದ ವೈರನ್ನು ಇನ್ನೊಂದು ಕಿಂಡಿಯಿಂದ ಹೇಮಾಳ ಕೋಣೆಗೆ ಇಳಿಸಿದ. ಆ ಸಂಜೆ ಹೇಮಾ ಹೊಸ ನೆಟ್ಟಿನಲ್ಲಿ ಗಾಳೆಮ್ಮನೊಡನೆ ಒಂದು ತಾಸು ಕೂತಳು. ಮುಷ್ಟಿ ಒಮ್ಮೆಯೂ ಮುಚ್ಚಲಿಲ್ಲ. ದುರ್ಗಾದೇವಿ ಬಾಗಿಲಿಗೆ ಒರಗಿ ಮೊಮ್ಮಗಳ ಕೈಗಳನ್ನೇ ನೋಡುತ್ತಿದ್ದರು. ಇಪ್ಪತ್ನಾಲ್ಕು ವರ್ಷ ಆ ಹುಡುಗಿಯ ಜೊತೆ ದನಿ ಎತ್ತರಿಸಿಯೇ ಮಾತಾಡಿದವರು ಅವರು, ಎತ್ತರಿಸಿದರೆ ಕೇಳೀತೇನೋ ಎಂಬ ಆಸೆಯಿಂದ.

ಗುರುವಾರ ಅಲ್ಲಿರಬೇಕೆಂದು ಪಂಪಣ್ಣನಿಗೆ ಬಹಳ ಆಸೆಯಿತ್ತು. ಆದರೆ ಕುಷ್ಟಗಿಯಲ್ಲಿ ವೈರು ಹರಿದು ಒಂದು ಓಣಿಗೆ ಓಣಿಯೇ ನೆಟ್ ಇಲ್ಲದೆ ಕೂತಿತ್ತು. ಬಸ್ ಹತ್ತುವ ಮುಂಚೆ ದುರ್ಗಾದೇವಿಗೆ ಹೇಳಿ ಬಂದ.

"ಅವ್ವಾರ, ಪಡಸಾಲ್ಯಾಗಿನ ಡಬ್ಬಿ ಸ್ವಿಚ್ಚು ನಿಮ್ಮ ಕೈಯಾಗ ಐತಿ ನೋಡ್ರಿ. ಮಿಕ್ಸಿಗೆ ಅಂತ, ಮೊಬೈಲಿಗೆ ಅಂತ ಯಾರೂ ಅದರ ಪ್ಲಗ್ ಕೀಳಬಾರ್ದು."

"ಕಿತ್ತ ನೋಡ್ಲಿ," ಎಂದರು ಮುದುಕಿ, ಕೈಯಲ್ಲಿದ್ದ ಕೋಲು ನೆಲಕ್ಕೆ ಕುಟ್ಟಿ.

ಹನ್ನೊಂದಾಯಿತು. ಕುಷ್ಟಗಿಯ ಕಂಬಕ್ಕೆ ಏಣಿ ಆನಿಸಿಕೊಂಡು ಪಂಪಣ್ಣ ವೈರು ಜೋಡಿಸುತ್ತಿದ್ದ, ಮನಸ್ಸು ಯಲಬುರ್ಗಾದಲ್ಲಿತ್ತು. ಹನ್ನೊಂದೂವರೆ. ಕರೆಂಟು ಹೋಗಿದ್ದರೆ? ಇನ್ವರ್ಟರ್ ಇದೆ. ಇಲಿ ವೈರು ಕಡಿದಿದ್ದರೆ? ಅದನ್ನು ಯೋಚಿಸಬಾರದು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಜೇಬಿನಲ್ಲಿ ಮೊಬೈಲ್ ನಡುಗಿತು. ವಿಡಿಯೋ ಕಾಲ್.

ಹೇಮಾಳ ಮುಖ. ಕಣ್ಣು ತುಂಬ ನೀರು, ಬಾಯಿ ತುಂಬ ನಗು. ನೋಟ್‌ಬುಕ್ ಎತ್ತಿ ಹಿಡಿದಳು. "ನಲವತ್ತು ನಿಮಿಷ. ಒಮ್ಮೆಯೂ ನಿಲ್ಲಲಿಲ್ಲ. ಒಂದನೇ ತಾರೀಖಿಗೆ ಬಾ ಎಂದರು."

ಆಮೇಲೆ ನೋಟ್‌ಬುಕ್ ಕೆಳಗಿಟ್ಟು ಎರಡೂ ಮುಷ್ಟಿ ಬಿಗಿದಳು. ಒಂದರ ಮೇಲೊಂದು, ಒಂದರ ಮೇಲೊಂದು ಏರಿಸಿದಳು. ಗಾಳೆಮ್ಮ ಕಲಿಸಿಕೊಟ್ಟಿದ್ದಳು.

ಪಂಪಣ್ಣ ಏಣಿಯನ್ನು ಮೊಣಕೈಯಲ್ಲಿ ಬಳಸಿ ಹಿಡಿದುಕೊಂಡ. ಮೂವತ್ತು ವರ್ಷ ಆ ಹೆಸರಿನಿಂದ ಅವನನ್ನು ಕರೆಯುವ ಜೀವ ಲೋಕದಲ್ಲಿ ಒಂದೇ ಇತ್ತು.

ಹೇಮಾ ಪಕ್ಕಕ್ಕೆ ಸರಿದು ಯಾರನ್ನೋ ಎಳೆದು ತಂದಳು. ದುರ್ಗಾದೇವಿ. ಕೋಲು ಇನ್ನೂ ಕಂಕುಳಲ್ಲೇ ಇತ್ತು. ಅವರು ಬಾಯಿ ತೆರೆದರು, ಏನನ್ನೋ ಕೂಗಿ ಹೇಳಲು ಹೊರಟು, ಮೊಮ್ಮಗಳ ಮುಖ ನೋಡಿ ಬಾಯಿ ಮುಚ್ಚಿದರು. ಕೋಲು ಕೆಳಗೆ ಬಿತ್ತು. ಮುದಿ ಕೈಗಳೆರಡೂ ಮೇಲೆದ್ದು, ಮುಷ್ಟಿಯಾಗಿ, ತಡವರಿಸುತ್ತಾ ಒಂದರ ಮೇಲೊಂದು ಏರಿದವು. ಹೇಮಾ ಅಜ್ಜಿಯ ಕೈಗಳನ್ನೇ ನೋಡುತ್ತಿದ್ದಳು. ಇಪ್ಪತ್ನಾಲ್ಕು ವರ್ಷಕ್ಕೆ ಅಜ್ಜಿ ಆಡಿದ ಮೊದಲ ಮಾತು ಅವಳಿಗೆ ಕಂಡಿತ್ತು.

"ಏನ್ರಿ, ನೆಟ್ ಬಂತೇನ್ರಿ?" ಎಂದು ಕೆಳಗಿನಿಂದ ಯಾರೋ ಕೂಗಿದರು.

ಪಂಪಣ್ಣನಿಗೆ ಕೇಳಿಸಲಿಲ್ಲ. ಅವನು ಅವಸರವಾಗಿ ಏಣಿ ಇಳಿಯುತ್ತಿದ್ದ. ಮೊಬೈಲನ್ನು ಯಾವುದಾದರೂ ಕಟ್ಟೆಗೆ ಆನಿಸಿ ಇಡಬೇಕಿತ್ತು, ಉತ್ತರ ಕೊಡಲು ಎರಡೂ ಕೈ ಬೇಕಿತ್ತು.